ಅಡ್ಯೇರಿ ಪಟ್ಟಿಯಲ್ಲಿಲ್ಲ

ಕೊಬುಸಿಂಗೆಯ ಕೋಣೆಗೆ ಯಾರೂ ಸುಮ್ಮನೆ ಬರುತ್ತಿರಲಿಲ್ಲ. ಫೋರ್ಟ್ ಪೋರ್ಟಲ್ ಪೇಟೆಯ ಆಚೆ, ಚಹಾ ತೋಟಗಳು ಮುಗಿಯುವಲ್ಲಿ ಇರುವ ಶಿಕ್ಷಕರ ತರಬೇತಿ ಕಾಲೇಜಿನ ಹಳೇ ಕಟ್ಟಡದಲ್ಲಿ, ಮಹಡಿಯ ತುದಿಯ ಕೋಣೆ ಅವಳದು. ಮರದ ಮೆಟ್ಟಿಲು ಬಲು ಕಡಿದು. ಮೈ ಭಾರದವರು ನಡುವೆ ನಿಂತು ಉಸಿರು ತೆಗೆದುಕೊಳ್ಳಬೇಕು. ಅಷ್ಟು ದಣಿದು ಮೇಲೆ ಬರುವವರಿಗೆ ಗಟ್ಟಿ ಕಾರಣವೇ ಇರುತ್ತಿತ್ತು: ಪ್ರಿಂಟರ್ ಮುಷ್ಕರ ಹೂಡಿದೆ, ಫೈಲು ಬಾಯಿ ಬಿಡುತ್ತಿಲ್ಲ, ಹೊಸದಾಗಿ ಬಂದ ಉಪನ್ಯಾಸಕಿಗೆ ಖಾತೆ ಬೇಕು. ಕಾರಣ ತೀರಿದ ಕೂಡಲೇ ಅವರು ಇಳಿದು ಹೋಗುತ್ತಿದ್ದರು. ಕೊಬುಸಿಂಗೆ ಮೆಟ್ಟಿಲಿನ ಸದ್ದು ಪೂರ್ತಿ ಅಡಗುವವರೆಗೆ ಕಿವಿಗೊಟ್ಟು ಕೂತು, ಆಮೇಲೆ ಲೋಟ ತೊಳೆಯುತ್ತಿದ್ದಳು.

ಲೋಟಗಳು ಎರಡು, ನೀಲಿ ಅಂಚಿನ ಎನಾಮಲ್ ಲೋಟಗಳು. ಪ್ರತಿ ಬೆಳಿಗ್ಗೆ ಅವಳು ಶುಂಠಿ ಜಜ್ಜಿ, ಹಾಲು ಹಾಕಿ ಚಹಾ ಕುದಿಸಿ, ತಟ್ಟೆಯಲ್ಲಿ ಎರಡೂ ಲೋಟಗಳನ್ನು ಇಡುತ್ತಿದ್ದಳು. ಒಂದು ಅವಳದು. ಇನ್ನೊಂದು ಬರುವವರದು. ಯಾರು ಬರುತ್ತಾರೆ ಎಂದು ಕೇಳಿದರೆ ಅವಳ ಬಳಿ ಉತ್ತರವಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಕೆಲಸ ಏನೆಂದರೆ, ಕಾಲೇಜಿನ ಎಲ್ಲ ಕಂಪ್ಯೂಟರುಗಳಿಗೂ ತಾಯಿಯಂತಿದ್ದ ಒಂದು ಸರ್ವರನ್ನು ನೋಡಿಕೊಳ್ಳುವುದು. ಅದು ಲಿನಕ್ಸ್ ಯಂತ್ರ. ಅದರೊಳಗೆ ಎಲ್ಲರಿಗೂ ತಮ್ಮ ತಮ್ಮ ಮೂಲೆ ಇತ್ತು. ಅಲ್ಲಿ ಬರೆಯಬಹುದು, ಓದಬಹುದು, ಕೆಡಿಸಿಕೊಳ್ಳಲೂಬಹುದು. ಆದರೆ ಯಂತ್ರದ ಮೈಯನ್ನೇ ಮುಟ್ಟುವ ಕೆಲಸಕ್ಕೆ, ಹೊಸ ಖಾತೆ ತೆರೆಯುವುದಕ್ಕೋ ಬೀಗ ಹಾಕಿದ ಫೈಲನ್ನು ಬಿಡಿಸುವುದಕ್ಕೋ, ಒಡೆಯನ ಅಧಿಕಾರ ಬೇಕು. ಕಪ್ಪು ಪರದೆಯ ಮೇಲೆ ಅಪ್ಪಣೆ ಬರೆಯುವ ಮೊದಲು ‘ಸುಡೊ’ ಎಂಬ ಪುಟ್ಟ ಮಾತು ಸೇರಿಸಬೇಕು. ಆಗ ಯಂತ್ರ ಪಾಸ್‌ವರ್ಡ್ ಕೇಳುತ್ತದೆ, ಅಧಿಕಾರಸ್ಥರ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡುತ್ತದೆ, ಇದ್ದರೆ ತಲೆಬಾಗುತ್ತದೆ. ನಮ್ಮ ಅಜ್ಜಿಯರ ಮನೆಗಳಲ್ಲಿ ಹಾಲಿನ ಸೋರೆಬುರುಡೆ ಇಡುವ ಮೂಲೆಯೊಂದು ಇರುತ್ತಿತ್ತಲ್ಲ, ಹಾಗೆ. ಕುಡಿಯುವವರು ಎಲ್ಲರೂ, ಮುಚ್ಚಳ ತೆಗೆಯುವವಳು ಒಬ್ಬಳೇ. ಈ ಯಂತ್ರದ ಪಟ್ಟಿಯಲ್ಲಿ ಇದ್ದದ್ದೂ ಒಂದೇ ಹೆಸರು: ಅಡ್ಯೇರಿ.

ಅಡ್ಯೇರಿ ಎಂದರೆ ಕೊಬುಸಿಂಗೆಯೇ. ನಮ್ಮ ಟೂರೋ ಸೀಮೆಯಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಎರಡು ಹೆಸರು, ಒಂದು ಕಾಗದಕ್ಕೆ, ಒಂದು ಬಾಯಿಗೆ. ಬಾಯಿಯ ಹೆಸರುಗಳು ಬೆರಳೆಣಿಕೆಯವು, ಊರಿಗೆಲ್ಲ ಅವನ್ನೇ ಹಂಚಿ ಇಡುತ್ತಾರೆ. ಆ ಹೆಸರು ಹಿಡಿದು ಕೇಳದ ಕುಶಲ ಕುಶಲವೇ ಅಲ್ಲ. ಯಂತ್ರ ಬಂದ ಹೊಸದರಲ್ಲಿ ಅದು ‘ನಿನ್ನ ಹೆಸರೇನು’ ಎಂದು ಕೇಳಿದಾಗ, ಕಾಗದದ ಹೆಸರು ಬರೆಯಬೇಕಾದವಳು ಬಾಯಿಯ ಹೆಸರು ಬರೆದುಬಿಟ್ಟಳು. ಅಂದಿನಿಂದ ಯಂತ್ರ ಪ್ರತಿದಿನ ಮೊದಲ ಸಾಲಿನಲ್ಲೇ ಅವಳನ್ನು ಅಡ್ಯೇರಿ ಎಂದು ಕರೆಯುತ್ತದೆ. ಬೆಳಿಗ್ಗೆ ಎದ್ದಮೇಲೆ ಅವಳನ್ನು ಆ ಹೆಸರಿನಿಂದ ಮೊದಲು ಕರೆಯುವುದು ಅದೇ. ಇದನ್ನು ಹೇಳಿದರೆ ನಗುವವರಿದ್ದಾರೆ, ನಗಲಿ.

ಮನೆಯಲ್ಲಿ ಕರೆಯುವವರು ಯಾರಿದ್ದರು? ಗಂಡ ಸಿಮೆಂಟ್ ಕೆಲಸಕ್ಕೆಂದು ಕಸೇಸೆಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಕೊಬುಸಿಂಗೆ ಜಗಳಕ್ಕೆ ಹೋಗಲಿಲ್ಲ, ಹೋಗಿದ್ದರೆ ಒಂದು ಮಾತಾದರೂ ಆಡಿದಂತಾಗುತ್ತಿತ್ತು ಎಂದು ಆಮೇಲೆ ಅನ್ನಿಸಿತು. ಮಕ್ಕಳಿಲ್ಲ. ಅಮ್ಮ ತೀರಿಕೊಂಡಮೇಲೆ ಕಂಪಾಲಾದ ತಂಗಿ ಕ್ರಿಸ್‌ಮಸ್ಸಿಗೆ ಫೋನು ಮಾಡಿ, ಮಾತಿನ ನಡುವೆ ಮಕ್ಕಳನ್ನು ಗದರಿಕೊಂಡು, ಇಟ್ಟುಬಿಡುತ್ತಾಳೆ. ಕಾಲೇಜು ಕೊಟ್ಟ ಎರಡು ಕೋಣೆಯ ಮನೆಯಲ್ಲಿ ಕೊಬುಸಿಂಗೆ ಸಂಜೆ ರಾಗಿ ಮುದ್ದೆ ಕೂಡಿಸುತ್ತಾಳೆ. ಒಬ್ಬಳಿಗೆ ಮುದ್ದೆ ಕೂಡಿಸಿ ನೋಡಿದವರಿಗೇ ಅದರ ಸಂಕಟ ಗೊತ್ತು. ಹಿಟ್ಟು ಎಷ್ಟು ಕಡಿಮೆ ಹಾಕಿದರೂ ಹೆಚ್ಚಾಗುತ್ತದೆ. ಅದು ಬುಟ್ಟಿಯಲ್ಲಿಟ್ಟು ಸುತ್ತ ಕೂತು ಹತ್ತು ಕೈ ಮುರಿಯಬೇಕಾದ ಪದಾರ್ಥ. ಹುರುಳಿಕಾಯಿ ಬೀಜದ ಗೊಜ್ಜಿನ ಜೊತೆ ಅವಳು ಒಂದು ಮೂಲೆ ಮುರಿದು ತಿಂದು, ಉಳಿದದ್ದಕ್ಕೆ ಬುಟ್ಟಿಯ ಮುಚ್ಚಳ ಹಾಕುತ್ತಿದ್ದಳು.

ಅಮ್ಮನ ಮನೆಯಲ್ಲಿ ಹೀಗಿರಲಿಲ್ಲ. ಅಲ್ಲಿ ಮಧ್ಯಾಹ್ನವಾದರೆ ಅಕ್ಕಪಕ್ಕದ ಹೆಂಗಸರು ಅಂಗಳಕ್ಕೆ ಬಂದು ಕೂರುತ್ತಿದ್ದರು. ಅಮ್ಮ “ಏನು ಬಂದ್ರಿ?” ಎಂದರೆ “ಸುಮ್ಮನೆ ಬಂದೆ” ಎನ್ನುವರು. ಕೂತವರು ಕೈಗೆ ಸಿಕ್ಕ ಕಾಳು ಬಿಡಿಸುವರು, ಇಲ್ಲವಾದರೆ ಅದನ್ನೂ ಮಾಡರು. ಹೇಳಲು ಸುದ್ದಿ ಇಲ್ಲದಿದ್ದರೂ ಹೊತ್ತು ಹೋಗುತ್ತಿತ್ತು. ಆ ‘ಸುಮ್ಮನೆ ಬಂದೆ’ ಎಂಬ ಮಾತು ಕಾಲೇಜಿನ ಮಹಡಿಯ ಬಾಗಿಲಲ್ಲಿ ಒಮ್ಮೆಯೂ ಕೇಳಿಬಂದಿರಲಿಲ್ಲ.

ಬದಲಿಗೆ ಕೇಳಿಬರುತ್ತಿದ್ದದ್ದು ಕ್ಷಮಾಪಣೆ. ಅದರ ಕತೆ ಹೀಗೆ. ಪಟ್ಟಿಯಲ್ಲಿ ಹೆಸರಿಲ್ಲದವರು ಸುಡೊ ಎಂದು ಬರೆದರೆ ಯಂತ್ರ ಸುಮ್ಮನೆ ಬಿಡುವುದಿಲ್ಲ. ‘ನಿಮ್ಮ ಹೆಸರು ಪಟ್ಟಿಯಲ್ಲಿಲ್ಲ. ಈ ಘಟನೆಯನ್ನು ವರದಿ ಮಾಡಲಾಗುವುದು’ ಎಂದು ಖಡಾಖಂಡಿತ ಹೇಳುತ್ತದೆ. ಯಾರಿಗೆ ವರದಿ, ಏನು ಶಿಕ್ಷೆ, ಒಂದೂ ಹೇಳುವುದಿಲ್ಲ. ಲೆಕ್ಕಪತ್ರ ವಿಭಾಗದ ಕೆಮಿಗಿಸಾ ಎಲ್ಲೋ ನೋಡಿ ಕಲಿತ ಆ ಮಾತನ್ನು ಬರೆದು, ಈ ಉತ್ತರ ಕಂಡು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರು ಎನ್ನುವ ಹಾಗೆ ಬೆವತು, ಒಂದು ಚಿಪ್ಪು ಪುಟ್ಟ ಬಾಳೆಹಣ್ಣು ಹಿಡಿದು ಮೆಟ್ಟಿಲು ಹತ್ತಿ ಬಂದಿದ್ದಳು.

“ಅಡ್ಯೇರಿ, ತಪ್ಪಾಯ್ತು. ನಿಮ್ಮ ಯಂತ್ರ ನನ್ನ ಮೇಲೆ ಚಾಡಿ ಹೇಳಿದೆ.”

“ಹೇಳಿದೆ ಅಬ್ವೊಲಿ, ನೋಡ್ದೆ,” ಎಂದಳು ಕೊಬುಸಿಂಗೆ ಗಂಭೀರವಾಗಿ, ಕೆಮಿಗಿಸಾಳನ್ನು ಅವಳ ಬಾಯಿಯ ಹೆಸರು ಹಿಡಿದು ಕರೆದು. ಚಾಡಿಯೆಲ್ಲ ಒಡೆಯನ ಅಂಚೆಪೆಟ್ಟಿಗೆಗೆ ಬಂದು ಬೀಳುತ್ತದೆ, ಅದನ್ನು ಓದುವವಳು ಅವಳೊಬ್ಬಳೇ. ಹೆಚ್ಚಿನ ಊರುಗಳಲ್ಲಿ ಅದನ್ನು ಓದುವ ಗೋಜಿಗೇ ಯಾರೂ ಹೋಗುವುದಿಲ್ಲ.

“ಕೆಲಸದಿಂದ ತೆಗೀತಾರಾ?”

“ಕೂತ್ಕೋ. ಚಹಾ ಕುಡಿ. ಆಮೇಲೆ ನೋಡೋಣ.”

ಅದರಿಂದ ಏನೂ ಆಗುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಕತೆ ಮುಗಿಯುತ್ತಿತ್ತು. ಕೊಬುಸಿಂಗೆ ಹೇಳಲಿಲ್ಲ. ಎರಡನೇ ಲೋಟ ತುಂಬಿತು, ಕೆಮಿಗಿಸಾ ತನ್ನ ನಾದಿನಿಯ ಮದುವೆಯ ಜಗಳವನ್ನೆಲ್ಲ ಹೇಳಿಕೊಂಡಳು. ಸುದ್ದಿ ಕಾಲೇಜಿನಲ್ಲಿ ಹರಡಿತು, ಅದೇ ಒಂದು ಪದ್ಧತಿಯಾಯಿತು: ಯಂತ್ರ ಚಾಡಿ ಹೇಳಿದರೆ ಬಾಳೆಹಣ್ಣು ಹಿಡಿದು ಮೇಲೆ ಹೋಗಿ ತಪ್ಪೊಪ್ಪಿಕೊಳ್ಳಬೇಕು. ಪಾದ್ರಿಯ ಬಳಿಗಿಂತ ಇವಳ ಬಳಿಗೇ ಹೆಚ್ಚು ಪಾಪಿಗಳು ಬರುತ್ತಿದ್ದಾರೆ ಎಂದು ಅಡುಗೆಮನೆಯವರು ಆಡಿಕೊಂಡರು.

ಎಲ್ಲರಿಗಿಂತ ಹೆಚ್ಚು ಮೆಟ್ಟಿಲು ಹತ್ತುತ್ತಿದ್ದವನು ಬಗುಮಾ. ವಿಜ್ಞಾನ ಪಾಠ ಮಾಡಿಕೊಂಡು ಕಂಪ್ಯೂಟರ್ ಪ್ರಯೋಗಾಲಯವನ್ನೂ ನೋಡಿಕೊಳ್ಳುವವನು, ನಲವತ್ತು ದಾಟಿದವನು, ಮಾತು ಕಮ್ಮಿ. ಹೆಂಡತಿ ಮಕ್ಕಳು ಹೋಯಿಮಾದಲ್ಲಿ. ರಜೆಗೆ ಹೋಗಿ ಬರುತ್ತಾನೆ. ಅವನ ಬಾಯಿಯ ಹೆಸರು ಅಟ್ವೊಕಿ. ಖಾತೆಯೊಂದು ತೆರೆಯಬೇಕಾದರೂ ಬರುವನು, ಯಂತ್ರದ ಗಡಿಯಾರದ ಹೊತ್ತು ತಪ್ಪಿದೆ ಎಂದೂ ಬರುವನು. ಪ್ರಿಂಟರ್ ಕೆಟ್ಟಾಗಲೆಲ್ಲ ಹತ್ತಿ ಇಳಿದು ದಣಿದನೆಂದು ಕೊಬುಸಿಂಗೆ ಅವನಿಗೆ ಒಂದೇ ಒಂದು ಪುಟ್ಟ ಅಧಿಕಾರ ಬರೆದುಕೊಟ್ಟಿದ್ದಳು: ಪ್ರಿಂಟರಿನ ದಿನಚರಿಯನ್ನು ಒಡೆಯನಂತೆ ತೆರೆದು ಓದಬಹುದು, ಅಷ್ಟೇ. ಅದನ್ನು ಕೊಟ್ಟಮೇಲೂ ಅವನ ಬರವು ಕಮ್ಮಿಯಾಗಲಿಲ್ಲ. ಬಂದು ಬಾಗಿಲಲ್ಲಿ ನಿಂತು, “ಅಡ್ಯೇರಿ, ಒಂದು ಅಪ್ಪಣೆ ಬೇಕಿತ್ತು,” ಎನ್ನುವನು. ಅವಳು ಅಪ್ಪಣೆ ಬರೆಯುವಷ್ಟರಲ್ಲಿ ಅವನು ಚಹಾ ಕುಡಿದು, ಮಂಜು ಮುಚ್ಚಿದ ಬೆಟ್ಟದ ಕಡೆ ನೋಡಿ, “ಇವತ್ತೂ ಕಾಣಲ್ಲ,” ಎಂದು ಇಳಿದು ಹೋಗುವನು. ಇಷ್ಟೇ ಅವರ ಸ್ನೇಹ. ಆದರೂ ಅವನು ಬಾರದ ದಿನ ಅವಳಿಗೆ ಚಹಾ ಕಹಿಯಾಗುತ್ತಿತ್ತು.

ಹೊಸ ಪ್ರಾಂಶುಪಾಲರಾದ ಲುಬ್ವಾಮ ಕಂಪಾಲಾ ಕಡೆಯವರು. ಎಲ್ಲರನ್ನೂ ಮೇಡಂ, ಸರ್ ಎಂದೇ ಕರೆಯುವವರು. ಬಂದ ತಿಂಗಳಲ್ಲೇ ಕೊಬುಸಿಂಗೆಯನ್ನು ಕರೆಸಿದರು.

“ಮೇಡಂ, ಯಂತ್ರದ ಅಧಿಕಾರ ನಿಮ್ಮೊಬ್ಬರ ಕೈಲೇ ಇದೆಯಂತೆ. ನಾಳೆ ಚಹಾ ಲಾರಿ ನಿಮ್ಮ ಮೇಲೆ ಹರಿದ್ರೆ ಕಾಲೇಜಿನ ಗತಿ ಏನು?”

“ಲಾರಿಯವರಿಗೆ ಹೇಳಿಟ್ಟಿದ್ದೀನಿ ಸರ್, ಪರೀಕ್ಷೆ ಮುಗಿಯೋವರೆಗೂ ಬೇಡ ಅಂತ.”

ಲುಬ್ವಾಮ ನಕ್ಕರು, ಆದರೆ ಮಾತು ಬಿಡಲಿಲ್ಲ. “ಬಗುಮಾ ಅವರನ್ನೂ ಪಟ್ಟಿಗೆ ಸೇರಿಸಿ. ಅವರ ಕೋಣೆ ಕೆಳಗೇ ಇದೆ, ಎಲ್ಲರಿಗೂ ಅನುಕೂಲ. ನೀವೂ ಎಷ್ಟು ಅಂತ ಒಬ್ಬರೇ ಹೊರ್ತೀರ?”

ಅವರು ಹೇಳಿದ್ದು ಒಳ್ಳೆಯದಕ್ಕೇ. ಸರಿಯಾದ ಮಾತು ಎಂದು ಕೊಬುಸಿಂಗೆಗೂ ಗೊತ್ತಿತ್ತು. ಆದರೆ ‘ಎಲ್ಲರಿಗೂ ಅನುಕೂಲ’ ಎಂಬ ಮಾತು ಅವಳ ಎದೆಗೆ ಚುಚ್ಚಿತು. ಬಗುಮಾನಿಗೆ ಅಧಿಕಾರ ಸಿಕ್ಕರೆ ಮೆಟ್ಟಿಲು ಹತ್ತುವವರು ಯಾರು? ಮೊದಲನೆಯದಾಗಿ ಬಗುಮಾನೇ ಹತ್ತುವುದಿಲ್ಲ. ಆಮೇಲೆ ಉಳಿದವರು. ಜನ ಬರುವುದು ಅವಳಿಗಾಗಿ ಅಲ್ಲ, ಅವಳ ಬೆರಳ ತುದಿಯ ಆ ಒಂದು ಮಾತಿಗಾಗಿ. ಅದನ್ನೂ ಹಂಚಿಬಿಟ್ಟರೆ ಅವಳು ಎರಡು ಲೋಟ ಇಟ್ಟುಕೊಂಡು ಕೂತ ಹೆಂಗಸು, ಅಷ್ಟೇ. ಇದು ಸಣ್ಣತನ ಎಂದು ಅವಳಿಗೆ ತಿಳಿದಿತ್ತು. ಸಣ್ಣತನ ಎಂದು ತಿಳಿದಮೇಲೆ ಬಿಟ್ಟುಬಿಡುವಷ್ಟು ಮನುಷ್ಯರು ಒಳ್ಳೆಯವರಾಗಿದ್ದರೆ ಪಾದ್ರಿಗಳಿಗೆ ಕೆಲಸವಿರುತ್ತಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವಂತೆ ಅವಳು ಇವತ್ತು ನಾಳೆ ಎಂದು ದಿನ ದೂಡಿದಳು.

ದೂಡಿ ದೂಡಿ ಕೊನೆಗೆ ಒಂದು ಶುಕ್ರವಾರ ಲುಬ್ವಾಮ ದಾರಿಯಲ್ಲೇ ನಿಲ್ಲಿಸಿ, “ಇವತ್ತು ಸಂಜೆಯೊಳಗೆ ಆಗಬೇಕು ಮೇಡಂ,” ಎಂದರು. ಮಾತಿನಲ್ಲಿ ನಗು ಇರಲಿಲ್ಲ.

ಮೇಲೆ ಬಂದು ಕೂತ ಕೊಬುಸಿಂಗೆಗೆ ಒಂದು ಉಪಾಯ ಹೊಳೆಯಿತು. ಯಂತ್ರದಲ್ಲಿ ಜನರನ್ನು ಗುಂಪು ಮಾಡಿಡುವ ಪದ್ಧತಿಯಿದೆ. ಅಧಿಕಾರಸ್ಥರದೂ ಒಂದು ಗುಂಪೇ. ‘ಹಿರಿಯರು’ ಎಂದು ಇನ್ನೊಂದು ಗುಂಪು ಮಾಡಿ, ಬಗುಮಾನನ್ನು ಅದಕ್ಕೆ ಹಾಕಿ, ಅದಕ್ಕೆ ಅರ್ಧಂಬರ್ಧ ಅಧಿಕಾರ ಕೊಟ್ಟರಾಯಿತು. ಆದೇಶ ಪಾಲಿಸಿದಂತೆಯೂ ಆಯಿತು, ಅವನು ಮುಕ್ಕಾಲು ಕೆಲಸಕ್ಕೆ ಮೇಲೇ ಬರಬೇಕಾದಂತೆಯೂ ಆಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಗುಂಪು ಮಾಡಿದಳು. ಒಬ್ಬಂಟಿ ಗುಂಪು ಚೆನ್ನಾಗಿರುವುದಿಲ್ಲ ಎಂದು ಮೊದಲು ತನ್ನ ಹೆಸರನ್ನೇ ಅದಕ್ಕೆ ಹಾಕಿದಳು. ಹೊರಗಿನಿಂದ ಊಟದ ಗಂಟೆ ಕೇಳಿತು. ಯಂತ್ರದಿಂದ ಹೊರಬಂದು, ಗುಂಪಿನ ಅಧಿಕಾರವನ್ನೂ ಬಗುಮಾನ ಹೆಸರನ್ನೂ ಆಮೇಲೆ ಸೇರಿಸೋಣವೆಂದು ಊಟಕ್ಕೆ ಹೋದಳು.

ಈ ಕೆಲಸ ಮಾಡುವ ಜನ ಮಾತ್ರ ಮಾಡಬಹುದಾದ ತಪ್ಪೊಂದಿದೆ. ಒಬ್ಬರನ್ನು ಗುಂಪಿಗೆ ಹಾಕುವಾಗ, ‘ಈಗಿರುವ ಗುಂಪುಗಳ ಜೊತೆಗೆ ಇದನ್ನೂ ಸೇರಿಸು’ ಎಂದು ಬಿಡಿಸಿ ಹೇಳಬೇಕು. ಹೇಳದಿದ್ದರೆ ಯಂತ್ರ ‘ಇನ್ನು ಮುಂದೆ ಇದೊಂದೇ’ ಎಂದು ತಿಳಿದು ಹಳೆಯದರಿಂದೆಲ್ಲ ಕಿತ್ತುಹಾಕುತ್ತದೆ. ಅದು ಕೇಳುವುದೂ ಇಲ್ಲ, ಕನಿಕರಿಸುವುದೂ ಇಲ್ಲ. ಹೊಸಬರಿಗೆಲ್ಲ ಈ ಎಚ್ಚರಿಕೆ ಹೇಳುತ್ತಿದ್ದವಳು ಕೊಬುಸಿಂಗೆಯೇ. ಮನಸ್ಸು ಉಪಾಯದಲ್ಲಿತ್ತು, ಬೆರಳುಗಳು ಹಸಿವಿನಲ್ಲಿದ್ದವು.

ಊಟ ಮುಗಿಸಿ ಬರುವಷ್ಟರಲ್ಲಿ ಬಾಗಿಲಲ್ಲಿ ಕೆಮಿಗಿಸಾ ಬಾಳೆಹಣ್ಣಿನ ಚಿಪ್ಪು ಹಿಡಿದು ನಿಂತಿದ್ದಳು. ಈ ಸಲ ಪಾಪಕ್ಕಲ್ಲ, ತೋಟದಲ್ಲಿ ಹಣ್ಣಾಗಿದ್ದವಂತೆ.

“ಅಡ್ಯೇರಿ, ಹುಡುಗರನ್ನ ಯಾವ ಯಾವ ಶಾಲೆಗೆ ಪಾಠ ಮಾಡೋಕೆ ಹಾಕಿದ್ದಾರೆ ಅನ್ನೋ ಫೈಲು ಬೀಗ ಹಾಕ್ಕೊಂಡಿದೆ. ಸಂಜೆಯೊಳಗೆ ಹುಡುಗರಿಗೆ ಕಾಣ್ಬೇಕು. ಪ್ರಾಂಶುಪಾಲರು ಎರಡು ಸಲ ಕೇಳಿದ್ರು.”

“ಅದೆಷ್ಟರ ಕೆಲಸ,” ಎಂದು ಕೊಬುಸಿಂಗೆ ಕೂತು, ಸುಡೊ ಎಂದು ಬರೆದು, ಪಾಸ್‌ವರ್ಡ್ ಕೊಟ್ಟಳು.

ಪರದೆಯ ಮೇಲೆ ಸಾಲು ಮೂಡಿತು. ‘ಅಡ್ಯೇರಿ ಪಟ್ಟಿಯಲ್ಲಿಲ್ಲ. ಈ ಘಟನೆಯನ್ನು ವರದಿ ಮಾಡಲಾಗುವುದು.’

ಅವಳು ಇನ್ನೊಮ್ಮೆ ಬರೆದಳು. ಅದೇ ಸಾಲು. ಬೆಳಿಗ್ಗೆ ಇಷ್ಟು ಆದರದಿಂದ ಕರೆದ ಹೆಸರನ್ನೇ ಹಿಡಿದು ಅದು ಅವಳನ್ನು ಹೊರಗೆ ತಳ್ಳುತ್ತಿತ್ತು. ತಾನೇನು ಮಾಡಿದೆ ಎಂದು ಅವಳಿಗೆ ಆ ಕ್ಷಣವೇ ಅರ್ಥವಾಯಿತು. ವರದಿ ಹೋಗುವುದು ಒಡೆಯನ ಪೆಟ್ಟಿಗೆಗೆ. ಅದನ್ನು ಓದುವವಳು ಅವಳು. ಈಗ ಆ ಪೆಟ್ಟಿಗೆ ತೆರೆಯುವ ಅಧಿಕಾರವೂ ಅವಳಿಗಿಲ್ಲ. ಅವಳ ಮೇಲಿನ ದೂರನ್ನು ಕೇಳುವವರು ಲೋಕದಲ್ಲಿ ಯಾರೂ ಇರಲಿಲ್ಲ.

“ಏನಾಯ್ತು?” ಎಂದಳು ಕೆಮಿಗಿಸಾ.

“ಏನಿಲ್ಲ. ಯಂತ್ರ ನಿಧಾನ ಇದೆ. ನೀನು ಹೋಗಿರು, ಮಾಡಿಡ್ತೀನಿ.”

ಕೆಮಿಗಿಸಾ ಹಣ್ಣು ಮೇಜಿನ ಮೇಲಿಟ್ಟು ಇಳಿದು ಹೋದಳು. ಕೊಬುಸಿಂಗೆ ತಲೆಯ ಮೇಲೆ ಕೈಹೊತ್ತು ಕೂತಳು. ದಾರಿ ಇರಲಿಲ್ಲವೆಂದಲ್ಲ. ಸರ್ವರಿನ ಎದುರಿಗೇ ಹೋಗಿ, ಅದನ್ನು ಆರಿಸಿ ಎಬ್ಬಿಸಿ, ಏಳುವ ಹೊತ್ತಿನಲ್ಲಿ ಹಿಡಿದರೆ ಅದು ಒಳಗೆ ಬಿಟ್ಟುಕೊಳ್ಳುತ್ತದೆ. ಆದರೆ ಹಿಂದೊಮ್ಮೆ ಕಳ್ಳತನವಾದಮೇಲೆ ಸರ್ವರನ್ನು ಕಬ್ಬಿಣದ ಬಾಗಿಲ ಕೋಣೆಯಲ್ಲಿ ಇಟ್ಟಿದ್ದರು. ಬೀಗದ ಕೈ ಲುಬ್ವಾಮರ ಮೇಜಿನಲ್ಲಿ. ಕೇಳಿದರೆ ಯಾಕೆಂದು ಹೇಳಬೇಕು. ಬಗುಮಾನಿಗೆ ಪೂರ್ತಿ ಕೊಡಬಾರದೆಂದು ಹೂಡಿದ ಆಟದಲ್ಲಿ ನನ್ನದನ್ನೇ ಕಳೆದುಕೊಂಡೆ ಎಂದು ಹೇಳುವುದು ಹೇಗೆ? ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದಳು, ಮೇಲೆತ್ತುವ ಕೈ ಬೇಕಿತ್ತು. ಕೈಯೆಂದರೆ ನೆನಪಾದವನು ಬಗುಮಾ ಒಬ್ಬನೇ. ಅವನು ಏನಾದರೂ ನೆಪ ಹೇಳಿ ಬೀಗದ ಕೈ ತಂದಾನು.

ಏಳುವಾಗ ಅವಳ ಕೈ ತಾನಾಗಿ ಬಾಳೆಹಣ್ಣಿನ ಚಿಪ್ಪನ್ನು ಎತ್ತಿಕೊಂಡಿತು. ಅದು ಅವಳಿಗೆ ಗೊತ್ತಾದದ್ದು ಬಗುಮಾನ ಪ್ರಯೋಗಾಲಯದ ಬಾಗಿಲಲ್ಲಿ ನಿಂತಾಗ. ಇಷ್ಟು ವರ್ಷದಲ್ಲಿ ಅವಳು ಆ ಬಾಗಿಲಿಗೆ ಬಂದದ್ದು ಅದೇ ಮೊದಲು.

“ಅಟ್ವೊಕಿ,” ಎಂದಳು. “ಯಂತ್ರ ನನ್ನ ಮೇಲೆ ಚಾಡಿ ಹೇಳಿತು.”

ಅವನು ತಮಾಷೆಯೆಂದು ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ. ಅವಳು ಎಲ್ಲವನ್ನೂ ಹೇಳಿದಳು, ‘ಹಿರಿಯರು’ ಗುಂಪಿನ ಉಪಾಯವನ್ನೂ ಮುಚ್ಚಿಡಲಿಲ್ಲ. ಹೇಳುವಾಗ ಅವನ ಕಡೆ ನೋಡದೆ ಹಣ್ಣುಗಳ ಕಡೆ ನೋಡುತ್ತಿದ್ದಳು. ಅವನು ಕೇಳಿಕೊಂಡು, ಎದ್ದು ಬಾಗಿಲು ಮುಚ್ಚಿದ.

“ಬೀಗದ ಕೈ ಬೇಡ,” ಎಂದ. “ಕೂತ್ಕೊಳ್ಳಿ.”

ಅವನು ಸುಡೊ ಎಂದು ಬರೆದು, ಅವಳೇ ಕೊಟ್ಟಿದ್ದ ಆ ಪುಟ್ಟ ಅಧಿಕಾರದಿಂದ ಪ್ರಿಂಟರಿನ ದಿನಚರಿಯನ್ನು ತೆರೆದ. ಕಾಗದ ಸಿಕ್ಕಿಕೊಂಡ ದಿನ, ಶಾಯಿ ತೀರಿದ ದಿನ, ಸಾಲು ಸಾಲಾಗಿ ಬಂದವು. ಅವನು ಅವನ್ನು ಓದಲಿಲ್ಲ. ಓದುತ್ತಿದ್ದ ಜಾಗದಲ್ಲೇ ಎರಡು ಕೀಲಿ ಒತ್ತಿದ. ಅದರೊಳಗಿಂದ ಇನ್ನೊಂದು ಕಪ್ಪು ಪರದೆ ತೆರೆದುಕೊಂಡಿತು, ಒಡೆಯನ ಪರದೆ, ಪೂರ್ತಿ ಅಧಿಕಾರದ್ದು. ಓದುವ ಆ ಸಾಧನಕ್ಕೆ ಇಂಥ ಒಂದು ಹಿತ್ತಲ ಬಾಗಿಲು ಇದೆಯೆಂದು ಕೊಬುಸಿಂಗೆಯೂ ಎಂದೋ ಓದಿದ್ದಳು. ಅವನಿಗೆ ಅಧಿಕಾರ ಬರೆಯುವ ದಿನ ನೆನಪಿಗೆ ಬಂದಿರಲಿಲ್ಲ. ಅವನು ಒಂದು ಸಾಲು ಬರೆದ. ‘ಜೊತೆಗೆ’ ಎಂಬ ಗುರುತನ್ನು ಮರೆಯದೆ ಹಾಕಿ, ಅಡ್ಯೇರಿಯನ್ನು ಪಟ್ಟಿಗೆ ಮರಳಿ ಸೇರಿಸಿ, ಹಿತ್ತಲ ಬಾಗಿಲು ಮುಚ್ಚಿ ಕೈ ತೆಗೆದ.

“ಆಯ್ತು,” ಎಂದ.

ಕೊಬುಸಿಂಗೆ ಪರದೆಯಿಂದ ಅವನ ಕಡೆಗೆ ತಿರುಗಿದಳು.

“ಇದು ನಿನಗೆ ಯಾವಾಗಿಂದ ಗೊತ್ತು?”

“ನೀವು ಕೊಟ್ಟ ವಾರವೇ ಗೊತ್ತಾಯ್ತು.”

“ಅಂದ್ರೆ ಎಲ್ಲಾ ಕೆಲಸಾನೂ ನೀನೇ ಇಲ್ಲಿ ಕೂತು ಮಾಡ್ಕೋಬಹುದಿತ್ತು.”

“ಹೂಂ.”

“ಮತ್ತೆ ಒಂದು ಖಾತೆಗೆ, ಒಂದು ಗಡಿಯಾರಕ್ಕೆ, ಆ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತು ಅಪ್ಪಣೆ ಬೇಡ್ತಿದ್ದೆಯಲ್ಲ, ಯಾಕೆ?”

ಬಗುಮಾ ಮೇಜಿನ ಮೇಲಿನ ಸೀಮೆಸುಣ್ಣದ ಪುಡಿಯನ್ನು ಅಂಗೈಯಿಂದ ಒರೆಸಿದ. ಅದು ಹೋಗಲಿಲ್ಲ, ಹರಡಿತು.

“ಮೊದಲನೇ ಸಲ ಬಂದಾಗ ತಟ್ಟೇಲಿ ಎರಡು ಲೋಟ ಇತ್ತು ಅಡ್ಯೇರಿ. ಯಾರೋ ಬರೋರಿದ್ದಾರೆ, ಅಡ್ಡ ಆಗಬಾರದು ಅಂತ ಬೇಗ ಎದ್ದು ಬಂದೆ. ಮಾರನೇ ದಿನಾನೂ ಎರಡು ಇತ್ತು. ಯಾರೂ ಬಂದಿರಲಿಲ್ಲ. ಆಮೇಲೆ ದಿನಾ ನೋಡ್ದೆ.”

ಅವಳ ಮುಖಕ್ಕೆ ಬಿಸಿನೀರು ಎರಚಿದಂತಾಯಿತು. ಯಾರಿಗೂ ಕಾಣದೆಂದು ಇಟ್ಟುಕೊಂಡಿದ್ದ ಗುಟ್ಟು ನೀಲಿ ಅಂಚಿನ ಲೋಟವಾಗಿ ಎಲ್ಲರ ಎದುರಿಗೇ ಕೂತಿತ್ತು.

“ಅಂದ್ರೆ ಕನಿಕರಕ್ಕೆ ಬರ್ತಿದ್ದೆ.”

“ಯಾರು ಯಾರಿಗೆ ಕನಿಕರ ತೋರಿಸೋದು?” ಎಂದ ಬಗುಮಾ. “ನನ್ನ ಕೋಣೇಲಿ ಇರೋದು ಒಂದೇ ಲೋಟ.”

ಅವಳು ಹಣ್ಣುಗಳನ್ನು ಅಲ್ಲೇ ಬಿಟ್ಟು ಮೇಲೆ ಬಂದಳು. ಮೊದಲು ಕೆಮಿಗಿಸಾಳ ಫೈಲಿನ ಬೀಗ ತೆಗೆದಳು. ಆಮೇಲೆ ‘ಹಿರಿಯರು’ ಗುಂಪನ್ನು ಅಳಿಸಿದಳು. ಬಗುಮಾನ ಹಿತ್ತಲ ಬಾಗಿಲನ್ನೂ ಮುಚ್ಚಬೇಕಿತ್ತು. ತೂತು ಕಂಡಮೇಲೆ ಮುಚ್ಚದಿದ್ದರೆ ಅವಳು ಈ ಕೆಲಸಕ್ಕೆ ಯೋಗ್ಯಳಲ್ಲ. ಮುಚ್ಚುವಾಗ ಕೈ ತಡೆಯಿತು. ಅಷ್ಟು ವರ್ಷ ಅವನು ಆ ಬಾಗಿಲನ್ನು ಬಳಸದೆ ಬಿಟ್ಟಿದ್ದರಿಂದಲೇ ಅವಳಿಗೆ ಬೆಳಗುಗಳು ಸಿಕ್ಕಿದ್ದವು. ಮುಚ್ಚಿದಳು. ಕೊನೆಗೆ ಅವನ ಹೆಸರನ್ನು ಪೂರ್ತಿ ಅಧಿಕಾರದ ಪಟ್ಟಿಗೆ ಸೇರಿಸಿದಳು. ಈಗ ಪಟ್ಟಿಯಲ್ಲಿ ಎರಡು ಹೆಸರಿದ್ದವು. ಲುಬ್ವಾಮರಿಗೆ ಹೋಗಿ ಹೇಳಿದಾಗ ಅವರು “ಥ್ಯಾಂಕ್ಯೂ ಮೇಡಂ” ಎಂದು ಕೈ ಕುಲುಕಿದರು.

ಅವಳು ಹೆದರಿದ್ದೇ ಆಯಿತು. ಕೆಳಗಿನ ಕೋಣೆಯಲ್ಲಿ ಅಧಿಕಾರ ಸಿಗುವಾಗ ಮಂಡಿ ನೋಯಿಸಿಕೊಂಡು ಮೇಲೆ ಬರುವ ಹುಚ್ಚು ಯಾರಿಗಿದೆ? ಬಗುಮಾ ಹುಡುಗರಿಗೂ ಉಪನ್ಯಾಸಕರಿಗೂ ಆ ವರದಿಯಿಂದ ಏನೂ ಆಗುವುದಿಲ್ಲವೆಂದು ಹೇಳಿಬಿಟ್ಟನಂತೆ. ಅವನು ಸುಳ್ಳು ಹೇಳುವ ಜಾತಿಯಲ್ಲ. ಪಾಪಿಗಳ ಬರವು ನಿಂತಿತು. ಕೆಮಿಗಿಸಾ ಅಂಗಳದಲ್ಲಿ ಸಿಕ್ಕಾಗ ಕೈಬೀಸಿ, “ಚೆನ್ನಾಗಿದ್ದೀರಾ ಅಡ್ಯೇರಿ?” ಎಂದು ಕೇಳಿ ಹೋಗುತ್ತಿದ್ದಳು. ಕೇಳಿದ್ದಕ್ಕೆ ಉತ್ತರ ಹೇಳುವಷ್ಟರಲ್ಲಿ ಅವಳು ಮೂಲೆ ತಿರುಗಿರುತ್ತಿದ್ದಳು.

ಬಗುಮಾನೂ ಬರಲಿಲ್ಲ. ಅದರಿಂದ ಕೊಬುಸಿಂಗೆಗೆ ಎಲ್ಲಕ್ಕಿಂತ ಹೆಚ್ಚು ನೋವಾಯಿತು, ಕೋಪವೂ ಬಂತು. ನೆಪ ಇದ್ದಾಗ ಬಂದವನು ನೆಪ ಹೋದಮೇಲೆ ಬರಬಾರದೇ? ಬೆಳಿಗ್ಗೆ ಮೆಟ್ಟಿಲು ಒಮ್ಮೊಮ್ಮೆ ಕಿರುಗುಟ್ಟುವುದು; ನೋಡಿದರೆ ಕಸ ಗುಡಿಸುವವಳು, ಇಲ್ಲವೇ ಬಿಸಿಲಿಗೆ ಮರ ಹಿಗ್ಗಿದ ಸದ್ದು. ಒಡೆಯನ ಅಂಚೆಪೆಟ್ಟಿಗೆ ತೆರೆದರೆ ಅಲ್ಲಿ ಯಂತ್ರ ತನಗೆ ತಾನೇ ಬರೆದುಕೊಂಡ ಒಣ ವರದಿಗಳು ಮಾತ್ರ. ಎರಡನೇ ಲೋಟಕ್ಕೆ ಸುರಿದ ಚಹಾದ ಮೇಲೆ ಕೆನೆಗಟ್ಟುತ್ತಿತ್ತು. ಒಂದು ದಿನ ಅವಳು ಆ ಲೋಟವನ್ನು ಬೀರುವಿನೊಳಗೆ ಇಟ್ಟಳು. ತಟ್ಟೆ ಬೋಳಾಗಿ ಕಂಡಿತು. ಸಂಜೆಗೆ ಮತ್ತೆ ತೆಗೆದಿಟ್ಟಳು.

ಆ ರಾತ್ರಿ ಮುದ್ದೆಯ ಬುಟ್ಟಿಗೆ ಮುಚ್ಚಳ ಹಾಕುವಾಗ ಅವಳಿಗೆ ಅಮ್ಮನ ಅಂಗಳದ ಹೆಂಗಸರು ನೆನಪಾದರು. ಅವರೆಲ್ಲ ಬರುತ್ತಿದ್ದರು, ನಿಜ. ಆದರೆ ಅಮ್ಮನೂ ಹೋಗುತ್ತಿದ್ದಳಲ್ಲ. ಎದುರು ಮನೆಗೆ, ಬಾವಿಯಾಚೆಯ ಮನೆಗೆ, ಕೈಯಲ್ಲಿ ಏನೂ ಇಲ್ಲದೆ, ಬಾಯಲ್ಲಿ ಸುದ್ದಿಯೂ ಇಲ್ಲದೆ. ತಾನು ಈ ಕಾಲೇಜಿನಲ್ಲಿ ಒಬ್ಬರ ಬಾಗಿಲಿಗಾದರೂ ಹಾಗೆ ಹೋಗಿದ್ದೇನೆಯೇ ಎಂದು ಕೇಳಿಕೊಂಡಳು. ಹೋದದ್ದು ಒಮ್ಮೆ, ಅದೂ ಹಳ್ಳಕ್ಕೆ ಬಿದ್ದಮೇಲೆ. ಬೇರೆಯವರಿಗೆಲ್ಲ ನೆಪ ಬೇಕಾಗುವ ಹಾಗೆ ಮಾಡಿಟ್ಟು ಕಾದು ಕೂತವಳು ತಾನೇ ಎಂದು ಅವಳಿಗೆ ನಾಚಿಕೆಯಾಯಿತು.

ಮರುದಿನ ಚಹಾ ಕುದಿಸಿ ಫ್ಲಾಸ್ಕಿಗೆ ತುಂಬಿ, ತಟ್ಟೆಯಲ್ಲಿ ಎರಡು ಲೋಟ ಇಟ್ಟುಕೊಂಡು ಅವಳು ಮೆಟ್ಟಿಲು ಇಳಿದಳು. ತಟ್ಟೆ ಹಿಡಿದು ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಬಗುಮಾನ ಕೋಣೆಗೆ ಬೀಗ, ಅವನು ತರಗತಿಯಲ್ಲಿದ್ದ. ಹೊರಗಿನ ಬೆಂಚಿನ ಮೇಲೆ ಕೂತಳು. ಹೋಗುವ ಬರುವ ಹುಡುಗ ಹುಡುಗಿಯರು ನೋಡಿದರು. ಕಾಯುವವರಿಗೆ ಹೊತ್ತು ಎಷ್ಟು ಉದ್ದವೆಂದು ಅವಳಿಗೆ ಗೊತ್ತಿತ್ತು, ಆದರೆ ಬೇರೆಯವರ ಬಾಗಿಲಲ್ಲಿ ಕಾಯುವುದು ಬೇರೆ ಥರ. ಎದ್ದು ಹೋಗಿಬಿಡೋಣ ಎಂದು ಎರಡು ಮೂರು ಸಲ ಅನ್ನಿಸಿತು. ಎದ್ದರೆ ತಟ್ಟೆ ಸದ್ದು ಮಾಡುತ್ತದೆ ಎಂದು ಕೂತಳು.

ಬಗುಮಾ ತೋಳಿನ ತುಂಬ ಸೀಮೆಸುಣ್ಣದ ಪುಡಿ ಹೊತ್ತು ಬಂದ. ಅವಳನ್ನು ಕಂಡು ಹೆಜ್ಜೆ ತಡೆದು ನಿಂತ.

“ಮತ್ತೆ ಪಟ್ಟಿಯಿಂದ ಬಿದ್ರಾ?”

“ಇಲ್ಲ.”

“ಸರ್ವರ್ ನಿಂತಿದೆಯಾ?”

“ಚೆನ್ನಾಗೇ ಓಡ್ತಿದೆ.”

“ಮತ್ತೆ?”

ಉತ್ತರ ಎರಡೇ ಮಾತಿನದು. ಎಷ್ಟು ಕಾಲವಾಗಿತ್ತು ಅದನ್ನು ಬಾಯಿಂದ ಆಡಿ. ಅವನ ಮುಖದ ಮೇಲೆ ಗಾಬರಿ ಹೆಚ್ಚುವುದು ಕಂಡು, ತಟ್ಟೆಯನ್ನು ಗಟ್ಟಿಯಾಗಿ ಹಿಡಿದು ಹೇಳಿದಳು.

“ಸುಮ್ಮನೆ ಬಂದೆ.”

ಬಗುಮಾ ಜೇಬಿನಲ್ಲಿ ಬೀಗದ ಕೈ ಹುಡುಕಿ ತೆಗೆದ. ಸಿಕ್ಕಿದ್ದು ಬೇರೆ ಯಾವುದೋ ಕೈ, ಮತ್ತೆ ಹುಡುಕಿದ.

“ನಾನೂ ಎರಡು ಸಲ ಮೆಟ್ಟಿಲು ಹತ್ತಿ ವಾಪಸ್ ಬಂದೆ,” ಎಂದ ಬೀಗದ ಕಡೆಗೇ ನೋಡುತ್ತ. “ಕೇಳಿದ್ರೆ ಏನು ಕೆಲಸ ಅಂತ ಹೇಳಲಿ ಅಂತ ಗೊತ್ತಾಗ್ಲಿಲ್ಲ.”

“ಗೊತ್ತಾಗಲ್ಲ ಬಿಡು,” ಎಂದಳು ಕೊಬುಸಿಂಗೆ.

“ಒಳಗೆ ಒಂದೇ ಕುರ್ಚಿ ಇದೆ ಅಡ್ಯೇರಿ.”

“ಬೆಂಚೇ ಸಾಕು, ಕೂತ್ಕೋ,” ಎಂದು ಅವಳು ತಟ್ಟೆಯನ್ನು ಮಡಿಲಿಗೆ ಎಳೆದುಕೊಂಡು, ಪಕ್ಕದಲ್ಲಿ ಅವನಿಗೆ ಜಾಗ ಬಿಟ್ಟಳು.